ಮುನಿಸಿಕೊಂಡ ಮೆದುಹವಳ

ಹವಳವೂ ಮುನಿಸಿಕೊಳ್ಳುತ್ತದೆ ಎಂದರೆ ನಂಬುತ್ತೀರಾ? ನಂಬಬೇಡಿ. ಕೈಕಟ್ಟಿ ಕೂತು ‘ಸುಳ್ಳು, ಸುಳ್ಳು’ ಎನ್ನುತ್ತಲೇ ಕೇಳಿ. ಕತೆ ಮುಗಿದ ಮೇಲೂ ಹಾಗೇ ಎಂದರೆ ನನ್ನ ಅರ್ಧ ಮೀಸೆ ಬೋಳಿಸಿಕೊಂಡು ಸಂತೆ ಸುತ್ತುತ್ತೇನೆ. ಇದನ್ನು ನನ್ನಷ್ಟು ಸರಿಯಾಗಿ ಹೇಳುವ ಗಂಡು ಸುತ್ತ ಹತ್ತೂರಲ್ಲಿ ಹುಟ್ಟಿಲ್ಲ.

ಬೆಟ್ಟಗಳು ಇನ್ನೂ ಎಳೆಯವಾಗಿದ್ದ ಕಾಲ. ಕಡಲಿನಿಂದ ಮೂರು ದಿನದ ದಾರಿಯಲ್ಲಿ ಕಲ್ಲುಮುಗಿಲು ಎಂಬ ರಾಜ್ಯವಿತ್ತು. ಅಲ್ಲಿಯ ದೊರೆಗೆ ಒಬ್ಬಳೇ ಮಗಳು, ಹೆಸರು ಕೇದಗೆ. ಅವಳು ನಕ್ಕರೆ ಇಡೀ ಸಭೆ ಅವಳ ಕಡೆ ತಿರುಗುತ್ತಿತ್ತು.

ಒಂದು ದಿನ ನಂಜುಗಣ್ಣ ಎಂಬ ಮಾಯಗಾರ ಸಭೆಗೆ ಬಂದು ಸಾಸಿವೆ ಕಾಳಿನಿಂದ ಆನೆ ಹೊರಡಿಸಿದ. ಅದೇ ಹೊತ್ತಿಗೆ ಕೇದಗೆ ಯಾವುದಕ್ಕೋ ನಕ್ಕಳು. ಜನರೆಲ್ಲ ಆನೆಯನ್ನು ಬಿಟ್ಟು ಅವಳನ್ನು ನೋಡಿದರು. ನಂಜುಗಣ್ಣನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. “ಇನ್ನು ಮೇಲೆ ನಿನ್ನನ್ನು ಯಾರು ನೋಡುತ್ತಾರೋ ನೋಡೋಣ” ಎಂದು ಹಿಡಿ ಬೂದಿ ಎರಚಿದ. ಕೇದಗೆ ಕೆಸರುಬಣ್ಣದ ಮೆದುಹವಳವಾಗಿ ಕಡಲಿನ ತಳ ಸೇರಿದಳು. ಮಾಯಗಾರ ಮಾಯವಾದ.

ಅರಮನೆಯ ಜೋಯಿಸರು ಕವಡೆ ಹಾಕಿ ನೋಡಿದರು. “ದೊರೆಯೇ, ಆ ಹವಳವನ್ನು ಜೀವಂತ ತಂದು ಈ ಸೂರಿನ ಕೆಳಗಿಡಬೇಕು. ಅದರ ಹೂಗಳೆಲ್ಲ ಒಟ್ಟಿಗೆ ಅರಳಿದ ಗಳಿಗೆಯಲ್ಲಿ ಕುಮಾರಿ ಎದ್ದು ಬರುತ್ತಾಳೆ. ಹವಳ ಸತ್ತರೆ ಮಗಳೂ ಇಲ್ಲ.” ದೊರೆ ಕಡಲ ನೀರು ತರಿಸಿ ಗಾಜಿನ ತೊಟ್ಟಿಗಳನ್ನು ತುಂಬಿಸಿ, ಹವಳ ತಂದವರಿಗೆ ಬಹುಮಾನವೆಂದು ನಾಡೆಲ್ಲ ಡಂಗುರ ಹೊಡೆಸಿದ.

ಕಡಲಂಚಿನ ಒಂದು ಕೇರಿಯಲ್ಲಿ ದುಗ್ಗ ಎಂಬವನಿದ್ದ. ಉಸಿರು ಕಟ್ಟಿ ಮುಳುಗುವುದರಲ್ಲಿ ಅವನೇ ಮೊದಲಿಗ. ಹಾಗಂತ ಅವನೇ ಹೇಳುತ್ತಿದ್ದ. ಅವನ ದೊಡ್ಡಪ್ಪನ ಮಗ ಈರ, ಪಕ್ಕದ ಮನೆ. ದುಗ್ಗ ಒಂದು ಬುಟ್ಟಿ ಮೀನು ತಂದರೆ ಈರ ಒಂದೂವರೆ ತರುತ್ತಿದ್ದ. ದುಗ್ಗನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ದಾಯಾದಿ ಮತ್ಸರ ಅಂದರೆ ಕೇಳಬೇಕೆ?

ಡಂಗುರ ಕೇಳಿ ಇಬ್ಬರೂ ಮುಳುಗಿದರು. ತಳದಲ್ಲಿ ಒಂದು ಮುದಿ ಆಮೆ ಕೂತಿತ್ತು. “ಇದೇ ನೋಡು ಮಗಾ” ಎಂದು ಮುಷ್ಟಿಯಷ್ಟು ದೊಡ್ಡ ಕೆಸರುಮುದ್ದೆಯನ್ನು ತೋರಿಸಿತು.

ಈರ ನೀರಿನ ಮೇಲೆ ಬಂದು ಬಿದ್ದು ಬಿದ್ದು ನಕ್ಕ. “ಅದು ರಾಜಕುಮಾರಿಯೇನೋ ತಮ್ಮಾ? ಹಸುವಿನ ಸಗಣಿ ಇದಕ್ಕಿಂತ ಚೆಂದ.” ಅವನು ಮತ್ತೆ ಮುಳುಗಿ ದಪ್ಪನೆಯ ಬೇರೊಂದು ಹವಳ ಕಿತ್ತುಕೊಂಡು ಹೊರಟೇಬಿಟ್ಟ.

ಆಮೆ ದುಗ್ಗನಿಗೆ ಮೂರು ಮಾತು ಹೇಳಿತು. “ದಾರಿಯಲ್ಲಿ ಇದು ಲೋಳೆ ಕಾರುತ್ತದೆ, ಸಿಹಿನೀರಲ್ಲಿ ತೊಳೆಯಬೇಡ, ಕಡಲ ನೀರನ್ನೇ ಬದಲಿಸು. ಅರಮನೆ ಮುಟ್ಟಿದ ಮೇಲೆ ಹೊಸ ನೀರನ್ನು ಹನಿಹನಿಯಾಗಿ ಕುಡಿಸು. ಮಬ್ಬು ಬೆಳಕಲ್ಲಿ ಒಂಟಿಯಾಗಿಡು, ಇನ್ನೊಂದು ಹವಳದ ಪಕ್ಕ ಇಡಲೇಬೇಡ. ಅವು ನೀರಿನೊಳಗೇ ಒಂದಕ್ಕೊಂದು ನಂಜು ಬಿಡುತ್ತವೆ. ಹೊಟ್ಟೆಕಿಚ್ಚು ಮನುಷ್ಯರಿಗೆ ಮಾತ್ರ ಅಂದುಕೊಂಡೆಯಾ?”

“ನನಗೆ ಹೇಳಿಕೊಡಬೇಕಾ ಆಮೆಯಜ್ಜಿ?” ಎಂದ ದುಗ್ಗ. ಮಡಕೆಯಲ್ಲಿ ಹವಳ ಮುಳುಗುವಷ್ಟು ನೀರು ತುಂಬಿ, ಮೇಲೆ ಉಸಿರಿಗೆ ಜಾಗ ಬಿಟ್ಟ. ಸುತ್ತ ಒದ್ದೆ ಗೋಣಿ ಸುತ್ತಿದ. ಇನ್ನೊಂದು ಮಡಕೆ ತುಂಬ ಬರೀ ಕಡಲ ನೀರು. ಎರಡನ್ನೂ ಅಡ್ಡೆಯ ಎರಡು ತುದಿಗೆ ತೂಗಹಾಕಿ, ಹೆಗಲಿಗೇರಿಸಿ ನಡೆದ.

ಎರಡನೆಯ ದಿನ ಇಣುಕಿ ನೋಡಿದ. ಹವಳ ಕುಗ್ಗಿ ನೆಲ್ಲಿಕಾಯಷ್ಟಾಗಿತ್ತು. ನೀರು ತುಂಬ ಲೋಳೆ. ಲೋಳೆ ಬಂದ ಮೀನು ಕೆಟ್ಟ ಮೀನು, ಇದು ಅವನ ಕೇರಿಯ ಕೂಸಿಗೂ ಗೊತ್ತು. ದಾರಿ ಪಕ್ಕದ ಒರತೆಯಲ್ಲಿ ನಿಂತಿದ್ದ ಕೊಕ್ಕರೆ ಮನುಷ್ಯರ ದನಿಯಲ್ಲಿ ಹೇಳಿತು: “ಅಯ್ಯೋ, ನಾರುತ್ತಿದೆಯಲ್ಲೋ! ಈ ತಣ್ಣನೆಯ ನೀರಲ್ಲಿ ತೊಳೆ.” ದುಗ್ಗ ಹವಳವನ್ನು ಒರತೆಯ ಅಂಚಿನವರೆಗೂ ಒಯ್ದ. ಆಮೆಯ ಮಾತು ನೆನಪಾಗಿ ಹಿಂದೆ ಬಂದ. ಲೋಳೆನೀರು ಚೆಲ್ಲಿ, ಎರಡನೆಯ ಮಡಕೆಯ ನೀರು ತುಂಬಿದ. ಕೊಕ್ಕರೆ ಹಲ್ಲು ಕಡಿಯಿತು. ಕೊಕ್ಕರೆಗೆ ಹಲ್ಲೆಲ್ಲಿ ಅನ್ನಬೇಡಿ, ಅದು ನಂಜುಗಣ್ಣ.

ಮೂರನೆಯ ದಿನ ಅರಮನೆಯ ಬಾಗಿಲಲ್ಲಿ ಒಂದು ಕೆಂಪು ನರಿ ಕೂತಿತ್ತು. “ನಿಮ್ಮಣ್ಣ ಆಗಲೇ ಬಂದು ಹವಳವನ್ನು ದೊಡ್ಡ ತೊಟ್ಟಿಗೆ ಬಿಟ್ಟಾಯಿತು. ಓಡು, ನೀನೂ ದಬಕ್ಕನೆ ಸುರಿದುಬಿಡು!” ದುಗ್ಗನ ಕಾಲು ಓಡಿತು, ಕೈ ಓಡಲಿಲ್ಲ. ಇನ್ನೊಂದು ತೊಟ್ಟಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿದ. ಬಿಸಿಲಿಗೆ ಬತ್ತಿ ಬತ್ತಿ ಕಡಲಿಗಿಂತ ಉಪ್ಪಾಗಿತ್ತು. ಅರಮನೆಯ ಬಾವಿಯಿಂದ ಸಿಹಿನೀರು ತಂದು ಬೆರೆಸಿ, ನಾಲಿಗೆಗೆ ಕಡಲಿನ ರುಚಿ ಬರುವ ತನಕ ಹದ ಮಾಡಿದ. ಆ ನೀರನ್ನು ಒಂದು ಚೊಂಬಿನಲ್ಲಿ ಎತ್ತರದ ಗೂಡಿನಲ್ಲಿಟ್ಟು, ಹವಳದ ಮಡಕೆಯೊಳಕ್ಕೆ ಹತ್ತಿಯ ಬತ್ತಿ ಇಳಿಬಿಟ್ಟು, ಮಧ್ಯಾಹ್ನದಿಂದ ಸಂಜೆಯವರೆಗೆ ಹನಿಹನಿ ಕುಡಿಸಿದ. ಆಮೇಲೆ ಉತ್ತರ ದಿಕ್ಕಿನ ಮಬ್ಬು ಬಡಗುಕೋಣೆಯ ಸಣ್ಣ ತೊಟ್ಟಿಗೆ ಅದೇ ಹದದ ನೀರು ತುಂಬಿ, ಹವಳವನ್ನು ಮೆಲ್ಲಗೆ ಇಳಿಸಿದ. ನರಿ ಬಾಲ ಮುದುರಿಕೊಂಡು ಹೋಯಿತು.

ಅಲ್ಲಿಗೆ ಎರಡು ಗೆದ್ದ. ಮೂರನೆಯದಕ್ಕೆ ನರಿ, ಕೊಕ್ಕರೆ ಯಾವುದೂ ಬೇಕಾಗಲಿಲ್ಲ.

ಸಭೆಯ ದೊಡ್ಡ ತೊಟ್ಟಿಯಲ್ಲಿ ಈರನ ಹವಳ ನೇರಳೆ ಬಣ್ಣದಲ್ಲಿ ಕುಂಬಳಕಾಯಿಯಂತೆ ಉಬ್ಬಿ ಕೂತಿತ್ತು. ಹೂ ಇನ್ನೂ ಅರಳಿರಲಿಲ್ಲ. ಆದರೂ ಜನ “ಇದೇ ನಮ್ಮ ಕುಮಾರಿ, ಇಂದಲ್ಲ ನಾಳೆ ಅರಳುತ್ತಾಳೆ” ಎಂದು ಈರನಿಗೆ ಹಾರ ಹಾಕುತ್ತಿದ್ದರು. ಅವನ ಬೆನ್ನ ಹಿಂದೆ ದಾರಿಯಲ್ಲಿ ಜೊತೆಯಾದ ಆಳೊಬ್ಬ ಮೊಣಕೈವರೆಗೂ ಶಾಲು ಸುತ್ತಿಕೊಂಡು ನಿಂತಿದ್ದ.

ದುಗ್ಗನ ಹವಳ? ಮುಚ್ಚಿದ ಮುಷ್ಟಿ. ಮೂರು ದಿನವಾದರೂ ಅಷ್ಟೇ. ಮೈಮೇಲೆ ಮೇಣದಂಥ ಪೊರೆ ಬೇರೆ ಕಟ್ಟಿತು.

ಈರ ಬಾಗಿಲಲ್ಲಿ ನಿಂತು ಕೇಳಿದ: “ಏನೋ ತಮ್ಮಾ, ಇದರ ಪುಳಿಮುಂಚಿ ಸಾರು ಮಾಡುವುದು ಯಾವಾಗ?”

ದುಗ್ಗನಿಗೆ ಮೈಯೆಲ್ಲ ಉರಿಯಿತು. ‘ಕತ್ತಲಲ್ಲಿಟ್ಟರೆ ಯಾರಿಗೆ ಕಾಣುತ್ತದೆ? ಪಕ್ಕಪಕ್ಕದಲ್ಲಿಟ್ಟರೆ ನನ್ನದೇ ನಿಜವಾದದ್ದೆಂದು ದೊರೆಗೆ ತಿಳಿಯುತ್ತದೆ’ ಎಂದುಕೊಂಡು, ಹವಳವನ್ನು ಎತ್ತಿ ತಂದು ಈರನದರ ಮಗ್ಗುಲಲ್ಲೇ ಇಟ್ಟ. ಶಾಲಿನವನು ನಕ್ಕ.

ಹೊತ್ತು ಮಾರುದ್ದ ಏರುವುದರೊಳಗೆ ದುಗ್ಗನ ಹವಳ ವಾಲಿತು. ಅಂಚು ಕಪ್ಪಗಾಯಿತು. ದೊರೆ ಎದ್ದು ಬಂದು ಕೇಳಿದ: “ಹುಡುಗಾ, ಅದು ಸಾಯುತ್ತಿದೆಯಾ?”

ಸೊಕ್ಕಿನ ಮನುಷ್ಯನಿಗೆ ತಪ್ಪೊಪ್ಪುವುದು ಸಾವಿಗಿಂತ ಕಷ್ಟ. ನನಗೆ ಗೊತ್ತು. ಆದರೂ ದುಗ್ಗ ಹೇಳಿದ: “ಹೌದು ದೊರೆಯೇ. ನನ್ನ ಹೊಟ್ಟೆಕಿಚ್ಚು ಅದನ್ನು ಕೊಲ್ಲುತ್ತಿದೆ. ಒಯ್ಯಲು ಬಿಡಿ.”

“ಸೋತೆಯಾ ತಮ್ಮಾ?” ಎಂದ ಈರ. ಸಭೆ ಗೊಳ್ಳೆಂದಿತು.

“ಸೋತೆ ಅಣ್ಣಾ” ಎಂದ ದುಗ್ಗ. ಆ ಎರಡು ಮಾತಿಗೆ ಅವನ ನಾಲಿಗೆ ಸುಟ್ಟಂತಾಯಿತು. ಹವಳವನ್ನು ಬಡಗುಕೋಣೆಗೆ ಒಯ್ದು, ತೊಟ್ಟಿಗೆ ಹದವಾದ ಹೊಸ ನೀರು ತುಂಬಿ, ಬಾಗಿಲಿಗೆ ಬೆನ್ನುಕೊಟ್ಟು ಕೂತ. ಆಚೆ ಈರನಿಗೆ ಡೋಲು ಬಡಿದರು, ಹೋಳಿಗೆ ಬಡಿಸಿದರು. ದುಗ್ಗ ಒಂದೊಂದು ಪೆಟ್ಟನ್ನೂ ಎಣಿಸಿದ, ಹೋಳಿಗೆಯ ತುಪ್ಪದ ವಾಸನೆಯನ್ನೂ ಕುಡಿದ. ಉರಿ ಹೋಗಲಿಲ್ಲ. ಎದ್ದು ಮಾತ್ರ ಹೋಗಲಿಲ್ಲ. ಹವಳವನ್ನು ಮುಟ್ಟಲಿಲ್ಲ. ಅಂಗೈಯಿಂದ ನೀರನ್ನಷ್ಟೇ ಮೆಲ್ಲಗೆ ಬೀಸುತ್ತ ಇದ್ದ.

ಹಾಗೆ ಕೂತ ಹನ್ನೊಂದನೆಯ ದಿನ ಬೆಳಿಗ್ಗೆ ಪೊರೆ ಈರುಳ್ಳಿ ಸಿಪ್ಪೆಯಂತೆ ಕಳಚಿ ತೇಲಿತು. ಒಂದು ಹೂ ಇಣುಕಿತು. ಎಂಟು ಎಸಳು, ಎಸಳಿಗೆಲ್ಲ ಗರಿಯಂಚು. ಆಮೇಲೆ ಹತ್ತು, ಆಮೇಲೆ ನೂರು. ಕೊನೆಯದು ಅರಳಿದ್ದೇ ತಡ, ತೊಟ್ಟಿಯಿಂದ ಕೇದಗೆ ಎದ್ದು ನಿಂತಳು.

“ಸತ್ತೆ ಅಂದುಕೊಂಡೆಯಾ?” ಎಂದಳು ಕೂದಲು ಹಿಂಡುತ್ತ. “ಸತ್ತಿರಲಿಲ್ಲ, ಮುನಿಸಿಕೊಂಡಿದ್ದೆ. ಕಿತ್ತು, ಮಡಕೆಯಲ್ಲಿ ಕುಲುಕಿ, ಗೊತ್ತಿಲ್ಲದ ನೀರಿಗಿಳಿಸಿದರೆ ನೀನಾದರೂ ಹಲ್ಲು ಕಿರಿಯುತ್ತಿದ್ದೆಯಾ?”

“ನಾನಾಗಿದ್ದರೆ ಕಚ್ಚುತ್ತಿದ್ದೆ” ಎಂದ ದುಗ್ಗ.

ಇಬ್ಬರೂ ಸಭೆಗೆ ಬಂದರೆ ಅಲ್ಲಿ ದೊಡ್ಡ ತೊಟ್ಟಿಯ ನೀರೆಲ್ಲ ನೇರಳೆ. ಈರನ ಹವಳದ ಬಣ್ಣ ಬಿಟ್ಟುಹೋಗಿ ಒಳಗಿನ ಬಿಳುಪು ಕಾಣುತ್ತಿತ್ತು, ಹಸಿದ ಕೂಸಿನಂತೆ. ಈರ ತಲೆ ತಗ್ಗಿಸಿದ. “ದಾರಿಯಲ್ಲಿ ಈ ಶಾಲಿನ ಮನುಷ್ಯ ಬಣ್ಣ ಹಾಕಿಕೊಟ್ಟ. ಒಪ್ಪಿಬಿಟ್ಟೆ. ದುಗ್ಗನಿಗೆ ನನಗಿಂತ ಹೆಚ್ಚು ಹೊತ್ತು ಉಸಿರು ಕಟ್ಟಲು ಬರುತ್ತದೆ. ಚಿಕ್ಕಂದಿನಿಂದ ಅದೊಂದು ನನ್ನನ್ನು ತಿನ್ನುತ್ತಿತ್ತು.”

“ಅನ್ನ ಇಳಿಯದಿದ್ದದ್ದು ನನಗೊಬ್ಬನಿಗೇ ಅಂದುಕೊಂಡಿದ್ದೆ ಅಣ್ಣಾ” ಎಂದ ದುಗ್ಗ.

ಕಾವಲಿನವರು ಆಳಿನ ಶಾಲು ಎಳೆದರು. ಮೊಣಕೈವರೆಗೂ ನೇರಳೆ. ನಂಜುಗಣ್ಣ! ಕೇದಗೆ ಆ ಕೈಗಳನ್ನು ನೋಡಿ ಕಿಲಕಿಲ ನಕ್ಕಳು. ಸಭೆಯೂ ನಕ್ಕಿತು. ಮೊದಲ ನಗುವಿಗೆ ಅವನ ಮಂತ್ರ ಮರೆತುಹೋಯಿತು. ಎರಡನೆಯದಕ್ಕೆ ಗಡ್ಡ ಉದುರಿತು. ಮೂರನೆಯದಕ್ಕೆ ಅವನು ಕಡಲೆಯಷ್ಟು ಏಡಿಯಾಗಿ, ಅಡ್ಡಡ್ಡ ಓಡಿ ಮೋರಿ ಸೇರಿದ. ಮತ್ತೆ ಕಾಣಲಿಲ್ಲ.

ಈರನ ಹವಳವನ್ನು ಅಣ್ಣತಮ್ಮಂದಿರಿಬ್ಬರೂ ಅದೇ ಅಡ್ಡೆಯಲ್ಲಿ, ಅದೇ ಜೋಪಾನದಲ್ಲಿ ಹೊತ್ತು ಕಡಲಿಗೆ ಸೇರಿಸಿದರು. ಅದು ತಿಂಗಳುಗಟ್ಟಲೆ ಮುನಿಸಿಕೊಂಡು, ಆಮೇಲೆ ತನ್ನ ಕೆಸರುಬಣ್ಣದಲ್ಲೇ ಅರಳಿತು. ಕಲ್ಲುಮುಗಿಲಿನವರು ಕೇದಗೆಯ ನಗು ಕೇಳುತ್ತ ಉಂಡು, ಉಟ್ಟು, ಸುಖವಾಗಿದ್ದರು.

ದೊರೆ ಈರನಿಗೆ ಒಂದು ಹೊಸ ಬಲೆ ಕೊಟ್ಟ, ದೋಣಿ ಕೊಡಲಿಲ್ಲ. ದುಗ್ಗನಿಗೆ ಹದಿನೆಂಟು ಮೊಳದ ಹೊಸ ದೋಣಿ ಕೊಟ್ಟ, ಬಲೆ ಕೊಡಲಿಲ್ಲ.