ತಟ್ಟೆ ತೊಳೆದ ನೀರು

ಬೆಣ್ಣೆದೋಸೆ ತಟ್ಟೆಗೆ ಬಿದ್ದ ಕೂಡಲೇ ಅಂಚಿನಲ್ಲೊಂದು ಹಸಿರು ಗೆರೆ ಬೆಳಗಿತು. "ನೋಡು, ಕೆಲ್ಸ ಶುರು ಮಾಡ್ತು," ಎಂದು ಚನ್ನವೀರಪ್ಪ ಮೇಲೆ ಇನ್ನೊಂದು ಮುದ್ದೆ ಬೆಣ್ಣೆ ಹಾಕಿಸಿಕೊಂಡ. ದಾವಣಗೆರೆಯಲ್ಲಿ ದೋಸೆ ಹೋಟೆಲು ಇಟ್ಟವನು ದೋಸೆ ಬಿಡುವುದುಂಟೇ? ಯಕೃತ್ತಿನಲ್ಲಿ ಕೊಬ್ಬು ತುಂಬಿದೆಯೆಂದು ವೈದ್ಯರು ಹೆದರಿಸಿದಾಗ ಅವನು ವೈದ್ಯರನ್ನೇ ಬಿಟ್ಟಿದ್ದ.

ಅವನಂಥವರಿಗಾಗಿಯೇ ಈ ಸಂವೇದಿ ತಟ್ಟೆಯನ್ನು ರೂಪಿಸಿದವಳು ಅವನ ನಾದಿನಿ, ಸಸ್ಯೌಷಧ ವಿಜ್ಞಾನಿ ಡಾ. ಸರ್ವಮಂಗಳಾ. ತಟ್ಟೆಯ ಮೇಲ್ಪದರ ಊಟದಲ್ಲಿರುವ ಕೊಬ್ಬನ್ನು ಅಳೆಯುತ್ತದೆ. ಅದಕ್ಕೆ ತಕ್ಕಷ್ಟು ನೆಲನೆಲ್ಲಿಯ ಸಾರ ಕಣ್ಣಿಗೆ ಕಾಣದ ರಂಧ್ರಗಳಿಂದ ಒಸರಿ ಊಟದಲ್ಲಿ ಬೆರೆಯುತ್ತದೆ. ಕಹಿ ತೆಗೆದು ಬಲು ಗಟ್ಟಿಗೊಳಿಸಿದ ಆ ಸಾರ ಯಕೃತ್ತಿಗೆ ಬಂದ ಕೊಬ್ಬಿನ ಕಣಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ತಿನ್ನುವ ಚಪಲ ಬಿಡದ ಜನಕ್ಕೆ ಇದಕ್ಕಿಂತ ಇನ್ನೇನು ಬೇಕು? ತಟ್ಟೆ ಮನೆಮನೆಗೂ ಹೋಯಿತು.

ಚನ್ನವೀರಪ್ಪನ ಯಕೃತ್ತು ಹರೆಯದವರ ಯಕೃತ್ತಿನಂತಾಯಿತು. ಆದರೆ ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದವಳು ಅವನ ಹೆಂಡತಿ ನೀಲಮ್ಮ. ಯಕೃತ್ತು ಪೂರ್ತಿ ಸೋತಿತ್ತು. ಬೇರೆಯವರ ಯಕೃತ್ತಿನ ಭಾಗ ಕಸಿ ಮಾಡದಿದ್ದರೆ ಉಳಿಯುವುದಿಲ್ಲ ಎಂದರು ವೈದ್ಯರು.

"ಅಕ್ಕ, ದಿನಾ ಏನ್ ಉಣ್ತಿದ್ದೆ?" ಸರ್ವಮಂಗಳಾ ಮಂಚದ ಪಕ್ಕ ಕುಳಿತು ಕೇಳಿದಳು.

"ರೊಟ್ಟಿ, ಪಲ್ಯ, ಒಂಚೂರು ಮಜ್ಜಿಗೆ. ನಂಗೆ ಬೆಣ್ಣೆ ಎಲ್ಲಿ ಸೇರುತ್ತೆ?"

"ಯಾವ ತಟ್ಟೇಲಿ?"

"ನಿಮ್ ಭಾವ ಉಂಡಿದ್ ತಟ್ಟೇಲೇ. ಇನ್ಯಾವ್ದ್ರಲ್ಲಿ?"

ಸರ್ವಮಂಗಳಾಳಿಗೆ ಆಗ ಹೊಳೆಯಿತು. ಗಂಡ ಉಂಡ ತಟ್ಟೆಯಲ್ಲೇ ಉಂಡು, ಕೊನೆಗೆ ನೀರು ಹಾಕಿ ಬೆರಳಿನಿಂದ ತೊಳೆದು ಆ ನೀರನ್ನೂ ಕುಡಿಯುವುದು ಅಕ್ಕನ ರೂಢಿ. ಉಂಡದ್ದೆಲ್ಲ ಪ್ರಸಾದ, ಒಂದಗುಳೂ ಚೆಲ್ಲಬಾರದು. ತಟ್ಟೆಗೆ ಅಂಟಿ ಉಳಿದ ಸಾರ ಬಚ್ಚಲಿಗೆ ಹೋಗುತ್ತದೆಂದು ವಿಜ್ಞಾನಿ ತಿಳಿದಿದ್ದಳು. ಅದು ದಿನವೂ ಅಕ್ಕನ ಹೊಟ್ಟೆಗೆ ಹೋಗಿತ್ತು.

"ಅದು ಔಷಧಿ ಅಲ್ವೇನಮ್ಮ? ಒಳ್ಳೇದನ್ನೇ ತಾನೆ ಕುಡ್ದಿದ್ದು?" ಅವಳು ಹೊರಗೆ ಬಂದು ವಿಷಯ ತಿಳಿಸಿದಾಗ ಚನ್ನವೀರಪ್ಪ ಕೇಳಿದ.

"ಹಿಡಿಯೋಕೆ ಕೊಬ್ಬು ಇದ್ರೆ ಒಳ್ಳೇದು ಭಾವ. ಇಲ್ದಿದ್ರೆ ಲಿವರನ್ನೇ ಹಿಡ್ಕೊಂಡು ತಿನ್ನುತ್ತೆ."

"ಮೊದ್ಲೇ ಗೊತ್ತಿರ್ಲಿಲ್ವಾ?"

"ಬೆಣ್ಣೆ ತಿಂದ ಇಲಿಗಳಿಗೆ ಕೊಟ್ಟು ನೋಡಿದ್ದೆ. ಸಾದಾ ಕಾಳು ತಿಂದ ಇಲಿಗಳಿಗೆ ಕೊಡ್ಲೇ ಇಲ್ಲ. ಹಿತಮಿತವಾಗಿ ಉಣ್ಣೋರಿಗೆ ಈ ತಟ್ಟೆ ಯಾಕೆ ಬೇಕು ಅಂದ್ಕೊಂಡೆ."

ಚನ್ನವೀರಪ್ಪ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ತಪ್ಪು ನಂದೂ ಐತೆ ಬಿಡು. ಬೆಣ್ಣೆ ನಾನ್ ತಿಂದೆ, ವಿಷ ಅವ್ಳು ಕುಡಿದ್ಲು," ಎಂದು ತಲೆ ತಗ್ಗಿಸಿದ. ಆಮೇಲೆ, "ನನ್ ಲಿವರ್ ಚೆನ್ನಾಗೈತಲ್ಲ? ಅದ್ರಲ್ಲೇ ಅರ್ಧ ಕೊಡ್ರಿ ಅವಳಿಗೆ," ಎಂದ.

ಅವನದು ಹೊಂದಿತು. ತಟ್ಟೆ ಕಾಪಾಡಿದ ಯಕೃತ್ತೇ ತಟ್ಟೆಯಿಂದ ಸಾವಿನಂಚಿಗೆ ಹೋದವಳನ್ನು ಉಳಿಸಿತು. ಸರ್ವಮಂಗಳಾ ತನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡು ಮಾರಿದ ತಟ್ಟೆಗಳನ್ನೆಲ್ಲ ವಾಪಸು ತರಿಸಿಕೊಂಡಳು. ಆದರೂ ಇನ್ನೆಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಆ ನೀರು ಕುಡಿದರೋ ಎಂಬುದು ಅವಳ ಲೆಕ್ಕಕ್ಕೆ ಸಿಗಲಿಲ್ಲ.

ಅಕ್ಕ ಚೇತರಿಸಿಕೊಂಡ ಮೇಲೆ ಮೂವರೂ ಒಟ್ಟಿಗೆ ಊಟಕ್ಕೆ ಕುಳಿತರು. ಎಲ್ಲರಿಗೂ ಬೇರೆ ಬೇರೆ ಸ್ಟೀಲ್ ತಟ್ಟೆ, ಎಲ್ಲರಿಗೂ ರೊಟ್ಟಿ. ಊಟ ಮುಗಿಸಿ ನೀಲಮ್ಮ ತಟ್ಟೆಗೆ ನೀರು ಹಾಕಿ ತೊಳೆದು ಕುಡಿದಳು. ಚನ್ನವೀರಪ್ಪನೂ ಅವಳನ್ನು ನೋಡಿ ಹಾಗೆಯೇ ಮಾಡಿದ. ಸರ್ವಮಂಗಳಾ ತನ್ನ ತಟ್ಟೆ ಹಿಡಿದು ಬಚ್ಚಲಿನತ್ತ ಎದ್ದಳು.

"ಅವ್ವ ಇದ್ದಾಗ ನೀನೂ ತೊಳ್ದು ಕುಡೀತಿದ್ದೆ ಕಣೇ," ಎಂದಳು ನೀಲಮ್ಮ ನಗುತ್ತಾ. "ಯಾವಾಗ ಬಿಟ್ಟೆ?"

ಸರ್ವಮಂಗಳಾ ಅಲ್ಲೇ ನಿಂತಳು. ಅಕ್ಕನ ಪಕ್ಕ ಕುಳಿತು, ಅದೇ ತರಹ ಬೆರಳಾಡಿಸಿ ತಾನೂ ಕುಡಿಯುತ್ತಿದ್ದದ್ದು ಆಗ ನೆನಪಾಯಿತು. ಪ್ರಯೋಗಾಲಯದಲ್ಲಿ ಒಂದು ಸಲವಾದರೂ ಅದು ನೆನಪಾಗಿದ್ದರೆ! ಅವಳು ಮತ್ತೆ ಕುಳಿತು ತಟ್ಟೆಗೆ ನೀರು ಸುರಿದುಕೊಂಡಳು. ತುಟಿಯವರೆಗೆ ತಂದಳು, ಕುಡಿಯಲಾಗಲಿಲ್ಲ.