ಒಬ್ಬರಿಗೆ ಸಾಕು

"ಕೊಳ್ಳೋದಾದ್ರೆ ಕೊಳ್ಳಿ, ಇಲ್ಲಾಂದ್ರೆ ಕೆಳಗಿಡಿ! ಇದು ಅಂಗಡಿ ಕಣ್ರೀ... ಬಿಟ್ಟಿ ಮುಟ್ಟಿ ನೋಡೋಕೆ ನಿಮ್ಮಜ್ಜಿ ಮನೆ ಅಡುಗೆಕೋಣೆ ಅಲ್ಲ!"

ಅಂಗಡಿಯ ಹುಡುಗಿ ಗುಬ್ಬಿಯ ದನಿಗೆ ಮಿಕ್ಸಿ ನೋಡುತ್ತಿದ್ದ ಗಂಡ ಹೆಂಡತಿ ತಿರುಗಿದರು. ಬಿಲ್ ಕಟ್ಟುತ್ತಿದ್ದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು.

ಬೈಸಿಕೊಂಡವನ ಒಂದು ಕೈಯಲ್ಲಿ ಪುಟ್ಟ ಕುಕ್ಕರ್, ಇನ್ನೊಂದರಲ್ಲಿ ಅಳತೆ ಟೇಪು. ಆಗಾಗ ಬರುತ್ತಿದ್ದ. ಅಳೆಯುತ್ತಿದ್ದ, ಮುಚ್ಚಳ ತೆಗೆದು ಹಾಕುತ್ತಿದ್ದ, ಫೋಟೊ ಹೊಡೆದು ಬರಿಗೈಲಿ ಹೋಗುತ್ತಿದ್ದ. ಅಂಗಡಿಯವರು ಅವನಿಗಿಟ್ಟ ಹೆಸರೇ 'ಟೇಪು'.

"ಇದರ ಹಿಡಿ ಸಡಿಲ ಇದೆ..." ಎಂದ ಮೆಲ್ಲಗೆ.

"ನಿಮ್ಮ ಜೇಬಿಗಿಂತ ಗಟ್ಟಿಯಾಗೇ ಇದೆ ಬಿಡಿ!"

ಅಂಗಡಿಯೆಲ್ಲ ಘೊಳ್ಳೆಂದು ನಕ್ಕಿತು. ಅವನ ಕಿವಿ ಕೆಂಪಾಯಿತು. ಕುಕ್ಕರನ್ನು ಸದ್ದಾಗದಂತೆ ಇಟ್ಟು ಹೊರಟುಹೋದ.

"ಭೇಷ್ ಗುಬ್ಬಿ!" ಯಜಮಾನರು ಗಲ್ಲಾದಿಂದಲೇ ಕೂಗಿದರು. "ಅವನ ಕಸುಬು ಗೊತ್ತೇನಮ್ಮ ನಿಂಗೆ? ಇಲ್ಲಿ ಮುಟ್ಟಿ ನೋಡಿ ಇಂಟರ್ನೆಟ್ಟಲ್ಲಿ ಬರೀತಾನೆ. ಜನ 'ಯಾವ ಕುಕ್ಕರ್ ಒಳ್ಳೇದು' ಅಂತ ಮೊಬೈಲಲ್ಲಿ ಹುಡುಕಿದ್ರೆ ಇವನ ಪುಟ ಮೇಲೆ ಬರುತ್ತೆ. ಅಲ್ಲಿರೋ ಲಿಂಕ್ ಒತ್ತಿ ಆನ್‌ಲೈನಲ್ಲಿ ಕೊಂಡ್ರೆ ಅವನಿಗೆ ಕಮಿಷನ್. ಬಾಡಿಗೆ ನಂದು, ಕರೆಂಟು ನಂದು, ವ್ಯಾಪಾರ ಮಾತ್ರ ಅವನ್ದು!"

"ಹೈಸ್ಕೂಲು ಮುಗಿಸಿಲ್ವಂತೆ. ಊರಿಗೆಲ್ಲ ಬುದ್ಧಿ ಹೇಳ್ತಾನೆ ನೋಡು!" ಪಾತ್ರೆ ವಿಭಾಗದ ದೊಡ್ಡಕ್ಕ ಒಗ್ಗರಣೆ ಹಾಕಿದಳು.

ಮತ್ತೆ ನಗು. ಓದು ಬಿಟ್ಟವನನ್ನು ಕಂಡು ನಗುವುದಕ್ಕೆ ಈ ಲೋಕಕ್ಕೆ ಟಿಕೆಟ್ಟೂ ಬೇಡ!

ಗುಬ್ಬಿಯೂ ನಕ್ಕಳು. ಆದರೆ ಆ ಕುಕ್ಕರಿನ ಹಿಡಿಯನ್ನು ಒಮ್ಮೆ ಅಲುಗಿಸಿ ನೋಡಿದಳು...

*

ಸಂಜೆ ಕೋಣೆಯ ಬೀಗ ತೆಗೆದಾಗ ಎಂದಿನಂತೆ ಒಳಗಿನಿಂದ ಯಾರೂ 'ಬಂದ್ಯಾ' ಅನ್ನಲಿಲ್ಲ.

ಅಮ್ಮ ಹೋದ ಮೇಲೆ ಅಣ್ಣ ಅತ್ತಿಗೆ ಬೇರೆ ಊರು ಸೇರಿದ್ದರು. ಅಣ್ಣ ಬಿಟ್ಟುಹೋದ ಹಳೆಯ ಮೊಬೈಲು ಅವಳ ಪಾಲಿಗೆ ಬಂದಿತ್ತು. ಅದರಲ್ಲಿ ಮೊದಲ ಸಲ ಹುಡುಕಿದ್ದೇ 'ಒಬ್ಬಳಿಗೆ ಯಾವ ಕುಕ್ಕರ್ ಸಾಕು' ಎಂದು. ಆಗ ತೆರೆದುಕೊಂಡ ಪುಟದ ಹೆಸರು 'ಒಬ್ಬರಿಗೆ ಸಾಕು'. ಒಂಟಿಯಾಗಿರುವವರಿಗೆ ಬೇಕಾದ ಸಾಮಾನುಗಳ ಮಾತೇ ಅದರ ತುಂಬ. ಪುಟದ ತಲೆಯ ಮೇಲೆ ಬರೆಯಲೊಂದು ಬಿಳಿ ಡಬ್ಬಿ: 'ಏನು ಹುಡುಕುತ್ತಿದ್ದೀರಿ?'

ಇಂಟರ್ನೆಟ್ಟೆಂದರೆ ಅದೇ ಡಬ್ಬಿ ಅಂದುಕೊಂಡುಬಿಟ್ಟಳು ಹುಡುಗಿ! ಅಂದಿನಿಂದ ಏನಿದ್ದರೂ ಅಲ್ಲೇ ಬರೆಯುವುದು. ಯಂತ್ರಕ್ಕೆ ಹೇಳಿಕೊಳ್ಳಲು ಎಂಥ ನಾಚಿಕೆ?

'ಒಬ್ಬಳೇ ಊಟಕ್ಕೆ ಕೂತ್ರೆ ತುತ್ತು ಇಳಿಯಲ್ಲ' ಎಂದು ಬರೆದಾಗ 'ಏನೂ ಸಿಗಲಿಲ್ಲ' ಎಂದು ಬಂತು. ಕೆಲವು ದಿನ ಬಿಟ್ಟು ಮತ್ತೆ ಅದನ್ನೇ ಬರೆದರೆ... ಒಂದು ಪುಟ!

'ಗೋಡೆಗೆ ಮುಖ ಮಾಡಿ ಕೂರಬೇಡಿ. ಸ್ಟೂಲು ಎಳೆದುಕೊಂಡು ಕಿಟಕಿಯ ಹತ್ತಿರ ಕೂರಿ. ಹೋಗಿ ಬರುವವರನ್ನು ನೋಡುತ್ತಾ ಉಂಡರೆ ತುತ್ತು ಇಳಿಯುತ್ತದೆ. ಈ ಪುಟದಲ್ಲಿ ಕೊಳ್ಳುವುದಕ್ಕೆ ಏನೂ ಇಲ್ಲ.'

ಕಿಟಕಿಯ ಹತ್ತಿರ ಕೂತಳು. ನಿಜವಾಗಿಯೂ ಇಳಿಯಿತು.

ಹಾಗೆಯೇ ನಡೆದುಕೊಂಡು ಬಂತು. 'ಜ್ವರ ಬಂದ್ರೆ ಯಾರಿಗೆ ಹೇಳ್ಲಿ' ಎಂದರೆ ತಡವಾಗಿಯಾದರೂ ಉತ್ತರ ಬರುತ್ತಿತ್ತು. ಈ ಭೂಮಿಯ ಮೇಲೆ ಅವಳ ಮಾತಿಗೆ ಓಗೊಡುತ್ತಿದ್ದದ್ದು ಅದೊಂದೇ ಬಿಳಿ ಡಬ್ಬಿ. ಅದೂ ಇಲ್ಲದಿದ್ದರೆ?... ಯೋಚಿಸಲೂ ಅವಳಿಗೆ ಭಯ.

ಇವತ್ತು ಬರೆದಳು: 'ಅಂಗಡೀಲಿ ಕುಕ್ಕರ್ ಮುಟ್ಟಿದವರನ್ನ ಎಲ್ಲರ ಮುಂದೆ ಬೈದೆ. ಯಜಮಾನ್ರು ಭೇಷ್ ಅಂದ್ರು. ನಂಗ್ಯಾಕೆ ಕಸಿವಿಸಿ?'

ಏನೂ ಸಿಗಲಿಲ್ಲ. ಅವಳಿಗೆ ಅಭ್ಯಾಸವಾಗಿತ್ತು. ಕಾದಳು.

ಉತ್ತರ ಬಂದ ಸಂಜೆ, ಸ್ಟೂಲಿನ ಮೇಲೆ ತಟ್ಟೆ ಹಿಡಿದು ಕೂತೇ ಓದಿದಳು.

'ಕಸಿವಿಸಿಯಾಯಿತು ಎಂದರೆ ನೀವು ಕೆಟ್ಟವರಲ್ಲ. ಬೈಸಿಕೊಂಡವನು ಟೇಪು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿರುತ್ತಾನೆ. ನೀವು ಊಟ ಮಾಡಿ. ಈ ಪುಟದಲ್ಲಿ ಕೊಳ್ಳುವುದಕ್ಕೆ ಏನೂ ಇಲ್ಲ.'

ತುತ್ತು ಕೈಯಲ್ಲೇ ಉಳಿಯಿತು.

ಟೇಪು?

'ನಾನು ಟೇಪು ಅಂತ ಬರೆದೇ ಇಲ್ವಲ್ಲ!'

ಯಂತ್ರವಲ್ಲ... ಮನುಷ್ಯ! ಅದೂ ಅವನು! ಜ್ವರ, ಅಳು, ಅಣ್ಣ ಫೋನ್ ಮಾಡದ ಭಾನುವಾರಗಳು... ಎಲ್ಲವನ್ನೂ ಓದಿದ್ದಾನೆ!

ತಟ್ಟೆ ಪಕ್ಕಕ್ಕಿಟ್ಟಳು. ಅಂದು ಊಟವಾಗಲಿಲ್ಲ.

*

ಅವನ ಕಸುಬೇ ಅದು. ಜನ ಯಾವ ಮಾತು ಬರೆದು ಹುಡುಕುತ್ತಾರೆ ಎಂದು ದಿನವೂ ನೋಡುವುದು, ಆ ಮಾತಿಗೊಂದು ಪುಟ ಕಟ್ಟುವುದು. ಸಾವಿರ ಜನ ಬಂದರೆ ಹತ್ತು ಮಂದಿ ಲಿಂಕ್ ಒತ್ತುತ್ತಾರೆ, ಒಬ್ಬರೋ ಇಬ್ಬರೋ ಕೊಳ್ಳುತ್ತಾರೆ. ಹುಡುಕುವ ಯಂತ್ರದ ಲೆಕ್ಕಾಚಾರ ಬದಲಾದರೆ ಪುಟ ಪಾತಾಳಕ್ಕೆ ಬೀಳುತ್ತದೆ, ಮತ್ತೆ ಮೊದಲಿನಿಂದ ಬೆನ್ನು ಮುರಿಯಬೇಕು. ಕೂತಲ್ಲೇ ದುಡಿಯುತ್ತಾನೆ ಎನ್ನುವವರು ಒಂದು ತಿಂಗಳು ಹಾಗೆ ಕೂತು ನೋಡಲಿ!

ಒಬ್ಬರೇ ಓದುವ ಪುಟ ಬರೆಯುವುದು ಆ ಕಸುಬಿನಲ್ಲಿ ಶುದ್ಧ ಪೆದ್ದುತನ. ಅವನು ಬರೆದ. ಮತ್ತೆ ಮತ್ತೆ ಬರೆದ. ಬರೆಯುತ್ತಿರುವವಳು ಯಾರೆಂದು ಅವನಿಗೆ ಗೊತ್ತಾದದ್ದು ಅಂಗಡಿಯಲ್ಲಿ ಬೈದ ಮಾತು ಡಬ್ಬಿಯಲ್ಲಿ ಬಂದ ದಿನವೇ.

ಅವನ ಕೋಣೆಯಲ್ಲೂ ಇದ್ದದ್ದು ಒಂದೇ ತಟ್ಟೆ.

*

ಬಹಳ ದಿನ ಅವನು ಅಂಗಡಿಗೆ ಬರಲಿಲ್ಲ. ಬಂದಾಗ ಕುಕ್ಕರಿನ ಕಡೆ ಹೋಗದೆ ನೇರ ಅವಳ ಮುಂದೆ ನಿಂತ.

ಅವಳ ಸಿಟ್ಟು ಉಕ್ಕಿಬಂತು.

"ನನ್ನ ಒಂಟಿತನಕ್ಕೂ ಕಮಿಷನ್ ಬಂತೇನ್ರೀ?"

ಅವನು ಬೆಚ್ಚಿದ. "ಆ ಪುಟಗಳಲ್ಲಿ ಲಿಂಕ್ ಇರ್ಲಿಲ್ಲ ಮೇಡಂ..."

"ಮತ್ಯಾಕೆ ಓದಿದ್ರಿ?"

"ಏನು ಸಾಮಾನು ಹುಡುಕ್ತಾರೆ ಅಂತ ತಿಳ್ಕೊಳ್ಳೋಕೆ ಇಟ್ಟ ಡಬ್ಬಿ ಅದು. ಯಾರೋ 'ತುತ್ತು ಇಳಿಯಲ್ಲ' ಅಂತ ಬರೆದ್ರು. ಅದಕ್ಕೆ ಯಾವ ಸಾಮಾನು ತೋರಿಸ್ಲಿ?" ಅವನ ದನಿ ಇಳಿಯಿತು. "ನಿಮ್ದು ಅಂತ ಗೊತ್ತಾದ ಮೇಲೆ ಸುಮ್ನಿರಬೇಕಿತ್ತು. ಆಗ್ಲಿಲ್ಲ. ತಪ್ಪಾಯ್ತು. ಡಬ್ಬಿ ತೆಗೆದುಬಿಟ್ಟಿದ್ದೀನಿ... ಹೇಳಿ ಹೋಗೋಣ ಅಂತ ಬಂದೆ."

ಅವಳು ಮೊಬೈಲು ತೆರೆದಳು. 'ಒಬ್ಬರಿಗೆ ಸಾಕು' ಇತ್ತು. ತಲೆಯ ಮೇಲಿನ ಜಾಗ ಖಾಲಿ.

ಆ ಖಾಲಿ ಜಾಗವನ್ನೇ ಬೆರಳಿಂದ ಒತ್ತಿ ನೋಡಿದಳು. 'ಇನ್ನು ನಾನು ಎಲ್ಲಿ ಕೇಳ್ಲಿ? ಯಾರನ್ನ ಕೇಳ್ಲಿ?'

"ಏನಮ್ಮ ಗುಬ್ಬಿ, ಮತ್ತೆ ಮುಟ್ಟಿದ್ನಾ?" ಯಜಮಾನರು ಕೂಗಿದರು. ಗಿರಾಕಿಗಳು ನಗಲು ಸಿದ್ಧರಾಗಿ ತಿರುಗಿದರು.

"ಇಲ್ಲ ಯಜಮಾನ್ರೆ!" ಅವಳ ದನಿ ಅಂಗಡಿಗೆಲ್ಲ ಕೇಳಿಸಿತು. ಅವನ ಕಡೆ ತಿರುಗಿದಳು. "ಅವತ್ತು ಎಲ್ಲರ ಮುಂದೆ ಬೈದಿದ್ದೆ. ಅದಕ್ಕೇ ಎಲ್ಲರ ಮುಂದೇನೇ ಹೇಳ್ತಿದ್ದೀನಿ... ನನ್ನ ಕ್ಷಮಿಸಿ. ಆ ಕುಕ್ಕರಿನ ಹಿಡಿ ಸಡಿಲಾನೇ ಇದೆ!"

"ಅಯ್ಯೋ, ಇವಳ ಬಾಯಿ ಬಿದ್ದು ಹೋಗ!" ಯಜಮಾನರು ತಲೆ ಚಚ್ಚಿಕೊಂಡರು.

ಅವನ ತುಟಿಯಂಚಿನಲ್ಲಿ ನಗು ಬಂದು ಮಾಯವಾಯಿತು.

"ಇನ್ನೊಂದು ಇದೆ," ಎಂದಳು, ಈಗ ಅವನಿಗಷ್ಟೇ ಕೇಳುವಂತೆ. "ಡಬ್ಬಿ ಇಲ್ವಲ್ಲ, ಬಾಯಲ್ಲೇ ಕೇಳ್ಬೇಕು... ಒಬ್ಬಳೇ ಕಿಟಕಿ ನೋಡಿ ನೋಡಿ ಸಾಕಾಯ್ತು. ಪಕ್ಕದಲ್ಲಿ ನೀವು ಕೂತ್ಕೊಳ್ತೀರಾ?"

ಅವನ ಕಣ್ಣು ಅವಳನ್ನು ಬಿಟ್ಟು ಬಾಗಿಲ ಕಡೆ ಹೋಯಿತು.

ತಿರುಗಿ ಹೊರಟ.

ಅವಳ ಕಣ್ಣು ತುಂಬಿತು.

ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲುಗಳ ಸಾಲಿತ್ತು. ಅಲ್ಲಿ ನಿಂತ. ಒಂದನ್ನು ಎಳೆದ. ಇನ್ನೊಂದನ್ನು ಎಳೆದು ಅದಕ್ಕೆ ಒತ್ತಿಟ್ಟ. ಜೇಬಿನಿಂದ ಟೇಪು ತೆಗೆದು, ಎರಡೂ ಸೇರಿ ಎಷ್ಟು ಅಗಲ ಎಂದು ಈ ತುದಿಯಿಂದ ಆ ತುದಿಗೆ ಹಿಡಿದು ನೋಡಿದ. ಫೋಟೊ ಹೊಡೆಯಲಿಲ್ಲ.

"ಏನಂತೇ ಅವನಿಗೆ? ಈಗ ಸ್ಟೂಲು ಅಳೀತಿದ್ದಾನೆ!" ದೊಡ್ಡಕ್ಕ ಅವಳ ಭುಜ ಅಲುಗಿಸಿದಳು.

ಗುಬ್ಬಿ ಮನಸ್ಸಿನಲ್ಲೇ ತನ್ನ ಕಿಟಕಿಯ ಅಗಲ ನೆನೆಯುತ್ತಿದ್ದಳು.

ಅವನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಹಿಂತಿರುಗಿ ನೋಡದೆ, ಆ ಎರಡು ಸ್ಟೂಲುಗಳನ್ನು ಜೋಡಿಯಾಗಿಯೇ ಬಿಟ್ಟು, ರಸ್ತೆಯ ಜನರಲ್ಲಿ ನಡೆದು ಹೋದ.