ವೆಜಿಟೇರಿಯನ್ ಕಂಫರ್ಟರ್

"ಸೋಮು, ಇದೇನು ಅಂತ ಸ್ವಲ್ಪ ನೋಡು," ಎಂದರು ಶಾಂತಾದೇವಿ ಅಜ್ಜಿ. ಅವರ ಕೈಯಲ್ಲಿ ಅಡುಗೆಮನೆಯ ಇಕ್ಕಳವಿತ್ತು. ಇಕ್ಕಳದ ತುದಿಯಲ್ಲಿ ಪುಟ್ಟದೊಂದು ಬೂದು ಗರಿ ಇತ್ತು.

ಲಿಖಿತಾಳ ಅಪ್ಪ ಸೋಮನಾಥ್ ಕನ್ನಡಕ ಏರಿಸಿ ನೋಡಿದರು. "ಗರಿ ಕಣಮ್ಮ."

"ಎಲ್ಲಿತ್ತು ಗೊತ್ತಾ? ನನ್ನ ಕಂಫರ್ಟರ್ ಹೊಲಿಗೇಲಿ. ಒಳಗಿಂದ ಹೊರಗೆ ಬರ್ತಾ ಇತ್ತು. ಬೆಳಿಗ್ಗೆ ಲಿಂಗಪೂಜೆಗೂ ಇದನ್ನೇ ಹೊದ್ಕೊಂಡು ಕೂತಿದ್ದೆ."

ಬಾಗಿಲ ಹಿಂದೆ ನಿಂತಿದ್ದ ಲಿಖಿತಾ ಇನ್ನೊಂದು ಹೆಜ್ಜೆ ಹಿಂದೆ ಸರಿದಳು.

ಡಿಸೆಂಬರ್ ಚಳಿಗೆ ಅಜ್ಜಿಯ ಮಂಡಿ ತುಂಬಾ ನೋಯುತ್ತಿತ್ತು. ಕಂಬಳಿ ಚುಚ್ಚುತ್ತದೆ, ರಜಾಯಿ ಭಾರ. ಅದಕ್ಕೇ ಹೋದ ವಾರ ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯಿಂದ ಈ ದಪ್ಪನೆಯ, ಹಗುರವಾದ ಹೊದಿಕೆ ತಂದಿದ್ದರು. ಕೆಲವು ಕಂಫರ್ಟರ್‌ಗಳಲ್ಲಿ ಬಾತುಕೋಳಿಯ ಗರಿ ತುಂಬಿರುತ್ತಾರೆಂದು ಅಜ್ಜಿ ಎಲ್ಲೋ ಕೇಳಿದ್ದರು. ಮೊಟ್ಟೆ ಹಾಕಿರಬಹುದೆಂದು ಕೇಕನ್ನೇ ಮುಟ್ಟದವರು ಅವರು. ಅಂಗಡಿಯ ಚಕ್ರಪಾಣಿಯವರ ತಲೆ ಚೆನ್ನಾಗಿ ತಿಂದಿದ್ದರು. ಹಸಿರಿನದರಲ್ಲಿ ಗರಿ ಇದೆಯಾ, ನೀಲಿಯದರಲ್ಲಿ ಇದೆಯಾ, ಹೂವಿನದರಲ್ಲಿ ಇದೆಯಾ? ಕೊನೆಗೆ ಅವರು, "ಒಳಗಿರೋದು ಬರೀ ಫೈಬರ್ ಅಜ್ಜಿ. ಪ್ಯೂರ್ ವೆಜಿಟೇರಿಯನ್," ಎಂದು ಕೈ ಮುಗಿದಿದ್ದರು.

ಕಂಫರ್ಟರ್ ಬಂದ ಮೇಲೆ ಅಜ್ಜಿ ನರಳುವುದು ನಿಂತಿತ್ತು. ಪಕ್ಕದಲ್ಲಿ ಮಲಗುವ ಲಿಖಿತಾಳಿಗೂ ಒಳ್ಳೆಯ ನಿದ್ದೆ ಬರುತ್ತಿತ್ತು.

ಅದನ್ನು ಆಗಾಗ ಬಿಸಿಲಿಗೆ ಹಾಕಬೇಕೆಂದು ಚಕ್ರಪಾಣಿ ಹೇಳಿದ್ದರು. ಇವತ್ತು ರಜವಾದ್ದರಿಂದ ಟೆರೇಸಿನಲ್ಲಿ ಹರಡಿ, ಪಾರಿವಾಳ ಕಾಯಲು ಲಿಖಿತಾಳನ್ನು ಕೂರಿಸಿದ್ದರು. ಅವಳು ಸ್ವಲ್ಪ ಹೊತ್ತು ಕಾದಳು. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಕುಂಟೆಬಿಲ್ಲೆ ಶುರುವಾಯಿತು. ಆಡಿ ಬರುವಷ್ಟರಲ್ಲಿ ಕಂಫರ್ಟರಿನ ಮೇಲೆ ಪಾರಿವಾಳಗಳು ಮನೆ ಯಜಮಾನರ ಹಾಗೆ ಕೂತಿದ್ದವು. ಓಡಿಸಿದಳು. ಗರಿ ಮಾತ್ರ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಅಜ್ಜಿಯೇ ಮೊದಲು ಮಾತಾಡಿದರು.

"ಎಲ್ಲರೂ ತಲೆಗೆ ಸ್ನಾನ ಮಾಡಿ."

"ನಾನು ಬೆಳಿಗ್ಗೇನೇ ಮಾಡಿದ್ನಲ್ಲಮ್ಮ," ಎಂದರು ಅಪ್ಪ.

"ಗರಿ ವಿಷಯ ಗೊತ್ತಿಲ್ದೆ ಮಾಡಿದ ಸ್ನಾನ ಲೆಕ್ಕಕ್ಕಿಲ್ಲ."

ಎಲ್ಲರೂ ಸ್ನಾನ ಮಾಡಿದರು. ಒಂದು ದಿನವೂ ಅದನ್ನು ಹೊದೆಯದ ಅಮ್ಮನೂ ಮಾಡಿದಳು. ಈಗ ಹೇಳುವುದು ಇನ್ನೂ ಕಷ್ಟವಾಯಿತು. ತನ್ನಿಂದಾಗಿ ಮನೆಯಲ್ಲಿ ಎಲ್ಲರ ತಲೆಯೂ ಒದ್ದೆ.

ಕಂಫರ್ಟರನ್ನು ವಾಪಸ್ ಕೊಡಲು ಆಟೋ ಕರೆದರು. ಬಿಸಿಲು ಕುಡಿದ ಕಂಫರ್ಟರ್ ಚೆನ್ನಾಗಿ ಉಬ್ಬಿಕೊಂಡಿತ್ತು. ಅಜ್ಜಿ ಅದನ್ನು ಮುಟ್ಟಲು ಒಪ್ಪಲಿಲ್ಲ. ಅಪ್ಪ ಮೊದಲು ಹತ್ತಿ ಅದನ್ನು ಮೈಮೇಲೆ ಎಳೆದುಕೊಂಡರು. ನಡುವೆ ಲಿಖಿತಾ, ಆ ತುದಿಗೆ ಅಜ್ಜಿ ಕೂತರು.

"ಸಾರ್ ಬರಲ್ವಾ?" ಎಂದು ಡ್ರೈವರ್ ಕೇಳಿದ.

"ಬಂದಿದ್ದೀನಿ, ಹೊರಡಪ್ಪ," ಎಂದಿತು ಕಂಫರ್ಟರ್.

ಅಂಗಡಿಯಲ್ಲಿ ಅಜ್ಜಿ ಗರಿಯನ್ನು ಮೇಜಿನ ಮೇಲಿಟ್ಟರು. "ವೆಜಿಟೇರಿಯನ್ ಅಂತ ಹೇಳಿ ಮೋಸ ಮಾಡಿದ್ರಿ," ಎಂದರು. ದಿಂಬು ನೋಡುತ್ತಿದ್ದ ಒಬ್ಬ ಆಂಟಿ ಅದನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದರು.

ಚಕ್ರಪಾಣಿಯ ಮುಖ ಸಪ್ಪಗಾಯಿತು. ಅವರು ಕತ್ತರಿ ತಂದರು. "ಬಿಚ್ಚಿ ನೋಡೋಣ ಅಜ್ಜಿ. ಒಳಗೆ ಇನ್ನೊಂದು ಗರಿ ಸಿಕ್ಕಿದ್ರೆ ಈ ಅಂಗಡೀನೇ ಮುಚ್ತೀನಿ." ಕತ್ತರಿಯ ತುದಿಯನ್ನು ಹೊಲಿಗೆಗೆ ತಾಗಿಸಿದರು.

ಲಿಖಿತಾಳಿಗೆ ಅಳು ಬಂತು. "ಕತ್ತರಿಸ್ಬೇಡಿ ಅಂಕಲ್. ಅದು ಪಾರಿವಾಳದ್ದು. ನಾನು ಕಾಯೋದು ಬಿಟ್ಟು ಆಡಕ್ಕೆ ಹೋಗಿದ್ದೆ."

ಅಪ್ಪ ತಮ್ಮ ಒದ್ದೆ ತಲೆ ಮುಟ್ಟಿ ನೋಡಿಕೊಂಡರು. "ಸ್ನಾನಕ್ಕೆ ಮುಂಚೆ ಹೇಳಕ್ಕಾಗ್ತಿರ್ಲಿಲ್ವಾ?" ಎಂದರು. ಅಜ್ಜಿ ಚಕ್ರಪಾಣಿಯವರ ಮುಖ ನೋಡದೆ ಆಟೋ ಕಡೆಗೆ ನಡೆದುಬಿಟ್ಟರು.

ಆಟೋದಲ್ಲಿ ಲಿಖಿತಾ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಬನಶಂಕರಿ ಬಸ್‌ಸ್ಟ್ಯಾಂಡ್ ಹತ್ತಿರ ಅಜ್ಜಿ, "ಗಾಡಿ ತಿರುಗಿಸಪ್ಪ. ವಾಪಸ್ ಹೋಗ್ಬೇಕು," ಎಂದರು.

"ಮತ್ತೇನಾಯ್ತಮ್ಮ?" ಎಂದಿತು ಕಂಫರ್ಟರ್.

ಅಂಗಡಿ ಮುಂದೆ ಅಜ್ಜಿ ಲಿಖಿತಾಳನ್ನು ಮಾತ್ರ ಕರೆದುಕೊಂಡು ಇಳಿದರು. ಮೆಟ್ಟಿಲ ಹತ್ತಿರ ಬಂದವರು ಅಲ್ಲೇ ನಿಂತರು. ಸೆರಗು ಸರಿ ಮಾಡಿಕೊಂಡರು. ಮತ್ತೆ ಸರಿ ಮಾಡಿಕೊಂಡರು. ಗಾಜಿನ ಬಾಗಿಲಾಚೆ ಚಕ್ರಪಾಣಿ ಒಬ್ಬರೇ ಕೂತಿದ್ದರು.

"ಮಂಡಿ ನೋವಾ ಅಜ್ಜಿ?"

"ಇಲ್ಲ ಪುಟ್ಟಿ." ಅಜ್ಜಿ ದನಿ ತಗ್ಗಿಸಿದರು. "ಎಲ್ಲರ ಮುಂದೆ ತಪ್ಪು ನಂದು ಅಂತ ನೀನು ಹೇಗೆ ಹೇಳ್ದೆ?"

ಇಂಥದ್ದಕ್ಕೆಲ್ಲ ಭಯ ಆಗುವುದು ಮಕ್ಕಳಿಗೆ ಮಾತ್ರ ಎಂದು ಲಿಖಿತಾ ಅಂದುಕೊಂಡಿದ್ದಳು. ಅವಳು ಅಜ್ಜಿಯ ಕೈ ಹಿಡಿದಳು. ಅಂಗೈ ಬೆವರಿತ್ತು. ಗಟ್ಟಿಯಾಗಿ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದಳು. ಆಮೇಲೆ ಇನ್ನೊಂದು ಕೈಯಿಂದ ಬಾಗಿಲು ತಳ್ಳಿದಳು.